ಬೆಂಗಳೂರಿಂದ ಹಾಸನಕ್ಕೆ ದಿಬ್ಬಣ: ಬಸ್ಸು, ಟಿಟಿ, ಕಾರು ಸೇರಿ ನಿಜವಾಗಿ ಎಷ್ಟಾಗುತ್ತೆ?

ವರನ ಅಣ್ಣ (ಪ್ರಶ್ನೆ)

ತಮ್ಮನ ಮದುವೆ ಹಾಸನದಲ್ಲಿ, ಹೆಣ್ಣಿನ ಮನೆಯವರ ಊರು. ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ 10ರಿಂದ 11ರೊಳಗೆ ಮುಹೂರ್ತ. ನಮ್ಮ ಕಡೆಯಿಂದ 60 ಜನ. ವಿಜಯನಗರ, ರಾಜಾಜಿನಗರ, ಯಶವಂತಪುರದಲ್ಲಿ ಹತ್ತುತ್ತಾರೆ. ಶನಿವಾರ ಮಧ್ಯಾಹ್ನ 1ಕ್ಕೆ ಹೊರಟು ಭಾನುವಾರ ಊಟ ಮುಗಿಸಿ 4ಕ್ಕೆ ವಾಪಸ್.

ಟ್ರಾವೆಲ್ಸ್‌ನವರು ಹೇಳಿದ ದರ: 49 ಸೀಟಿನ ನಾನ್ ಎಸಿ ಬಸ್ಸು ಕಿ.ಮೀ.ಗೆ 55 ರೂ., 12 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್) 22, ಇನ್ನೋವಾ ಕ್ರಿಸ್ಟಾ 20. ಹೋಗಿಬರಲು 370 ಕಿ.ಮೀ. ಅಂತ ನಾನು ಹಾಕಿದ ಲೆಕ್ಕಕ್ಕೆ ಮೂರೂ ಸೇರಿ 35,890. ಅವರು ಕಳಿಸಿದ ಕೊಟೇಶನ್ 65,310! ಟೋಲ್, ಪಾರ್ಕಿಂಗ್ ಬೇರೆಯಂತೆ. ಇದು ಮೋಸವಾ, ಇಲ್ಲಾ ನನಗೆ ಲೆಕ್ಕ ಗೊತ್ತಿಲ್ಲವಾ?

ಹಳದಿ ಬೋರ್ಡ್ (ಉತ್ತರ)

ಮೋಸ ಅಲ್ಲ ಸರ್. ಆ ಮೊತ್ತ ಎಲ್ಲಿಂದ ಬಂತು ಅಂತ ಬಿಡಿಸಿ ಹೇಳ್ತೀನಿ.

ಹೊರೂರಿನ ಬಾಡಿಗೆಯಲ್ಲಿ ದಿನಕ್ಕೆ ಇಷ್ಟು ಕಿ.ಮೀ. ಅಂತ ಕನಿಷ್ಠ ಮಿತಿ ಇರುತ್ತೆ. ಬೆಂಗಳೂರಲ್ಲಿ ಸಾಮಾನ್ಯವಾಗಿ 250 ಅಥವಾ 300. ಅಷ್ಟು ಓಡದಿದ್ದರೂ ಅಷ್ಟಕ್ಕೆ ದುಡ್ಡು ಕೊಡಲೇಬೇಕು. ಇನ್ನು ‘ದಿನ’ ಅಂದರೆ ಹೆಚ್ಚಿನ ಟ್ರಾವೆಲ್ಸ್‌ಗಳಲ್ಲಿ ರಾತ್ರಿ 12ರಿಂದ ರಾತ್ರಿ 12, ನೀವು ಹೊರಟ ಹೊತ್ತಿನಿಂದ 24 ಗಂಟೆ ಅಲ್ಲ. ಹಾಗಾಗಿ ನಿಮ್ಮ ಶನಿವಾರ ಒಂದು ದಿನ, ಭಾನುವಾರ ಇನ್ನೊಂದು. ದಿನಕ್ಕೆ 300ರಂತೆ ಎರಡು ದಿನಕ್ಕೆ 600 ಕಿ.ಮೀ. ಮೂರು ಗಾಡಿಯ ದರ ಕೂಡಿದರೆ ಕಿ.ಮೀ.ಗೆ 97, ಅಂದರೆ 58,200. ಬಾಟಾ (ಡ್ರೈವರ್‌ನ ದಿನದ ಭತ್ಯೆ) ಬಸ್ಸಿಗೆ ಕ್ಲೀನರ್ ಸೇರಿ ದಿನಕ್ಕೆ 1,000, ಟಿಟಿ ಮತ್ತು ಕಾರಿಗೆ ತಲಾ 500 ಅಂತ ಹಿಡಿದರೆ ಎರಡು ದಿನಕ್ಕೆ 4,000. ಒಟ್ಟು 62,200ಕ್ಕೆ ಶೇ. 5 ಜಿಎಸ್‌ಟಿ 3,110. ನಿಮ್ಮ 65,310 ಸರಿಯಾಗಿ ಬಂತು ನೋಡಿ.

ನಿಮ್ಮ 370 ಕೂಡ ತಪ್ಪೇ. ಮೀಟರ್ ಶುರುವಾಗೋದು ಗಾಡಿ ಶೆಡ್ ಬಿಟ್ಟಾಗ, ನಿಲ್ಲೋದು ಶೆಡ್ ಸೇರಿದಾಗ. ಶೆಡ್‌ನಿಂದ ಹೋಗಿಬರುವುದು 30, ಮೂರು ಕಡೆ ಜನ ಹತ್ತಿಸೋದು, ಇಳಿಸೋದು 25, ಹಾಸನದಲ್ಲಿ ಲಾಡ್ಜಿಂದ ಛತ್ರಕ್ಕೆ ಓಡಾಟ 15. ಎಲ್ಲಾ ಸೇರಿ 440ರ ಆಸುಪಾಸು. ಅಂದರೆ ಗಾಡಿಗೆ 160 ಕಿ.ಮೀ.ಯಂತೆ ಓಡದೇ ಇರೋ ದಾರಿಗೆ ದುಡ್ಡು ಕೊಡ್ತಿದ್ದೀರಿ. ಎಲ್ಲರೂ 55 ಇದ್ದದ್ದನ್ನು 53 ಮಾಡಿ ಅಂತ ಚೌಕಾಸಿ ಮಾಡ್ತಾರೆ. ಅದರಲ್ಲಿ ಉಳಿಯೋದು 1,200 ರೂಪಾಯಿ. ದೊಡ್ಡ ದುಡ್ಡು ಇರೋದು ದಿನದ ಲೆಕ್ಕದಲ್ಲಿ.

ಯೋಚನೆ ಮಾಡಿ: ಆರತಕ್ಷತೆಗೆ 60 ಜನವೂ ಬೇಕಾ? ಮದುಮಗ, ಮನೆಯವರು, ಸೋದರಮಾವ, ಶಾಸ್ತ್ರಕ್ಕೆ ಬೇಕಾದವರು ಸೇರಿ 18 ಜನ ಟಿಟಿ ಮತ್ತು ಇನ್ನೋವಾದಲ್ಲಿ ಶನಿವಾರವೇ ಹೋಗಲಿ. ಉಳಿದ 42 ಜನಕ್ಕೆ ಬಸ್ಸು ಭಾನುವಾರ ಮಾತ್ರ. ಆಗ ಬಸ್ಸು ಒಂದೇ ದಿನ, 430 ಕಿ.ಮೀ., 23,650 ರೂ. ಪ್ಲಸ್ ಬಾಟಾ 1,000. ಟಿಟಿ, ಇನ್ನೋವಾ ಎರಡು ದಿನಕ್ಕೆ 25,200 ಪ್ಲಸ್ 2,000. ಜಿಎಸ್‌ಟಿ ಸೇರಿ ಒಟ್ಟು 54,443 ಆಗುತ್ತೆ. ಹತ್ತಿರ ಹತ್ತಿರ 10,900 ಉಳಿಯಿತು. 42 ಜನಕ್ಕೆ ಹಾಸನದಲ್ಲಿ ರೂಮು ಹಿಡಿಯೋದೂ ತಪ್ಪಿತು.

ಇದು ನಡೆಯಬೇಕಾದರೆ ಬಸ್ಸು ಶನಿವಾರ ರಾತ್ರಿ 12 ದಾಟಿದ ಮೇಲೆ ಶೆಡ್ ಬಿಡಬೇಕು, ಭಾನುವಾರ 12ರೊಳಗೆ ಒಳಗೆ ಸೇರಬೇಕು. 4:30ಕ್ಕೆ ವಿಜಯನಗರ, 5:15ಕ್ಕೆ ಯಶವಂತಪುರ ಬಿಟ್ಟರೆ 9ರ ಒಳಗೆ ತಿಂಡಿಗೆ ಛತ್ರದಲ್ಲಿರ್ತೀರಿ. ಒಂದೇ ಒಂದು ಭಯ ಡ್ರೈವರ್ ನಿದ್ದೆ. ಮುಹೂರ್ತದ ಸೀಸನ್ನಲ್ಲಿ ಶನಿವಾರ ರಾತ್ರಿ ಇನ್ನೊಂದು ಟ್ರಿಪ್ ಮುಗಿಸಿದವನನ್ನೇ ಬೆಳಗಿನ ಜಾವ ಎಬ್ಬಿಸಿ ಕಳಿಸೋರಿದ್ದಾರೆ. ‘ಹಿಂದಿನ ರಾತ್ರಿ ಡ್ಯೂಟಿ ಇಲ್ಲದ ಡ್ರೈವರ್ ಬೇಕು’ ಅಂತ ಬುಕಿಂಗ್ ದಿನವೇ ಹೇಳಿ, ಎರಡನೇ ಡ್ರೈವರ್ ಕೊಡ್ತಾರಾ ಕೇಳಿ. ಒಂದು ಬಾಟಾ ಹೆಚ್ಚಾಗುತ್ತೆ, ಆಗಲಿ.

ಟೋಲ್ ಬಗ್ಗೆ: ರಾಷ್ಟ್ರೀಯ ಹೆದ್ದಾರಿಯಲ್ಲಿ 24 ಗಂಟೆಯೊಳಗೆ ವಾಪಸಾದರೆ ಹೋಗಿಬರೋದಕ್ಕೆ ಸೇರಿ ಒಂದೂವರೆ ಪಟ್ಟು ಮಾತ್ರ. ಶನಿವಾರ 1ಕ್ಕೆ ಹೋಗಿ ಭಾನುವಾರ 4ಕ್ಕೆ ಬಿಟ್ಟರೆ ಬೆಂಗಳೂರು ಕಡೆಯ ಟೋಲ್‌ಗಳಲ್ಲಿ ಆ ರಿಯಾಯಿತಿ ಇಲ್ಲ. ಭಾನುವಾರದ ಬಸ್ಸಿಗೆ ಸಿಗುತ್ತೆ. ಟೋಲ್‌ಗೆ ಇಷ್ಟು ಅಂತ ಒಟ್ಟಾಗಿ ಕೊಡಬೇಡಿ, ಫಾಸ್ಟ್ಯಾಗ್ ಮೆಸೇಜ್ ತೋರಿಸಿ ಅಂತ ಕೇಳಿ.

ಡಿಪೋ ಗೇಟ್ (ಉತ್ತರ)

ಸರ್ಕಾರಿ ಬಸ್ಸನ್ನೂ ವಿಚಾರಿಸಿ. ಕೆಎಸ್‌ಆರ್‌ಟಿಸಿಯಲ್ಲಿ ಇದನ್ನು ಸಾಂದರ್ಭಿಕ ಒಪ್ಪಂದ ಅಂತಾರೆ. ಹತ್ತಿರದ ಡಿಪೋ ಮ್ಯಾನೇಜರ್ ಹತ್ರ ಅರ್ಜಿ, ಗುರುತಿನ ಚೀಟಿ, ಲಗ್ನಪತ್ರಿಕೆ ಪ್ರತಿ ತಗೊಂಡು ಹೋಗಿ. ಅಂದಾಜು ಬಾಡಿಗೆ ಮತ್ತು ಠೇವಣಿ ಎರಡೂ ಮುಂಗಡ. ಪ್ರವಾಸ ಮುಗಿದ ಮೇಲೆ ಓಡಿದ ಕಿ.ಮೀ. ನೋಡಿ ಲೆಕ್ಕ ಚುಕ್ತಾ. ಇಲ್ಲೂ ಕನಿಷ್ಠ ಕಿ.ಮೀ. ಇದೆ, ಡಿಪೋದಿಂದ ಡಿಪೋಗೆ ಎಣಿಸ್ತಾರೆ. ಆದ್ದರಿಂದ ‘ಕಿ.ಮೀ.ಗೆ ಎಷ್ಟು’ ಅಂತ ಕೇಳೋದಕ್ಕಿಂತ ‘ಕನಿಷ್ಠ ಎಷ್ಟು ಕಿ.ಮೀ., ಎಷ್ಟು ಗಂಟೆಗೆ, 12 ಗಂಟೆಯ ದರ ಬೇರೆ ಇದೆಯಾ’ ಅಂತ ಕೇಳಿ. ಮುಹೂರ್ತ ಜೋರಿರುವ ಭಾನುವಾರಗಳಲ್ಲಿ ಬಸ್ಸು ಇಲ್ಲ ಅಂದುಬಿಡಬಹುದು, ಅವರಿಗೆ ಮಾಮೂಲಿ ರೂಟಿನ ಬಸ್ಸೇ ಮೊದಲು. ತಿಂಗಳ ಮುಂಚೆಯೇ ಹೋಗಿ.

ಶಕ್ತಿ ಯೋಜನೆ ಒಪ್ಪಂದದ ಬಸ್ಸಿಗೆ ಅನ್ವಯಿಸಲ್ಲ, ಇದನ್ನು ಪ್ರತಿ ಸಲ ಯಾರಾದರೂ ಕೇಳ್ತಾರೆ. ಆದರೆ ಬಿಡಿಬಿಡಿಯಾಗಿ ಬರೋ ನೆಂಟರಲ್ಲಿ ಹೆಂಗಸರು ಆಧಾರ್ ಹಿಡಿದು ಮಾಮೂಲಿ ಕೆಂಪು ಬಸ್ಸಲ್ಲಿ ಹಾಸನಕ್ಕೆ ಬಂದರೆ ಟಿಕೆಟ್ ದುಡ್ಡಿಲ್ಲ. ರಾಜಹಂಸ ಹತ್ತಿದರೆ ಪೂರ್ತಿ ಚಾರ್ಜು.

ವರನ ಅಣ್ಣ

ಲೆಕ್ಕ ಈಗ ಅರ್ಥ ಆಯ್ತು, ತುಂಬಾ ಥ್ಯಾಂಕ್ಸ್. ಇನ್ನೊಂದು. ಪರಿಚಯದವರ ವೈಟ್ ಬೋರ್ಡ್ (ಸ್ವಂತ ಬಳಕೆಯ) ಇನ್ನೋವಾ ಕಿ.ಮೀ.ಗೆ 15ಕ್ಕೆ ಸಿಗುತ್ತೆ. ಅದಕ್ಕೇ ಹೂ ಹಾಕಿಸಿ ಮದುಮಕ್ಕಳ ಕಾರು ಮಾಡಿದರೆ?

ಹಳದಿ ಬೋರ್ಡ್

ಬೇಡ. ಬಾಡಿಗೆಗೆ ಪರ್ಮಿಟ್ ಇಲ್ಲದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಂ ಪ್ರಕಾರ ಮೊದಲ ಸಲಕ್ಕೇ 10,000 ದಂಡ, ಗಾಡಿಯನ್ನೂ ಜಪ್ತಿ ಮಾಡಬಹುದು. ಮುಹೂರ್ತದ ದಿನ ಮದುಮಗನನ್ನು ರಸ್ತೆ ಬದಿ ನಿಲ್ಲಿಸ್ಕೋತೀರಾ? ಅಪಘಾತವಾದರೆ ಇನ್ನೂ ಕಷ್ಟ. ಬಾಡಿಗೆಗೆ ಓಡ್ತಿತ್ತು ಅಂತ ಗೊತ್ತಾದರೆ ವಿಮೆಯವರಿಗೆ ಕ್ಲೇಮ್ ತಳ್ಳಿಹಾಕಲು ಅಷ್ಟೇ ಸಾಕು. ಸ್ವಂತ ಚಿಕ್ಕಪ್ಪನ ಕಾರನ್ನು ದುಡ್ಡಿಲ್ಲದೆ ಬಳಸಿದರೆ ಅದು ಬೇರೆ ವಿಷಯ.

ಹಳದಿ ಬೋರ್ಡಾದರೂ (ಬಾಡಿಗೆ ಗಾಡಿ) ನಂಬರ್ ಮೊದಲೇ ತಗೊಂಡು ಎಂಪರಿವಾಹನ್ ಆ್ಯಪಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ವಿಮೆ, ಪರ್ಮಿಟ್ ತಾರೀಕು ನೋಡಿ. ಸೀಸನ್ನಲ್ಲಿ ಟ್ರಾವೆಲ್ಸ್‌ನವರು ತಮ್ಮ ಗಾಡಿ ಸಾಲದೆ ಬೇರೆಯವರ ಅಟ್ಯಾಚ್ ಗಾಡಿ ಕಳಿಸ್ತಾರೆ. ತೋರಿಸಿದ್ದು ಹೊಸ ಟಿಟಿ, ಬಾಗಿಲಿಗೆ ಬಂದದ್ದು ಪುಶ್‌ಬ್ಯಾಕ್ ಕೆಟ್ಟ ಹಳೇದು ಅಂತಾಗೋದು ಹೀಗೆ. ನಂಬರ್, ಮಾಡೆಲ್ ವರ್ಷ, ಶೆಡ್ ಇರೋ ಜಾಗ, ದಿನದ ಲೆಕ್ಕ ಇಷ್ಟನ್ನೂ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಅಡ್ವಾನ್ಸ್ ಶೇ. 25–30ಕ್ಕಿಂತ ಹೆಚ್ಚು ಕೊಡಬೇಡಿ.

ನವೆಂಬರ್‌ನಿಂದ ಜನವರಿ ಮಧ್ಯದವರೆಗೆ ಟಿಟಿ, ಮಿನಿ ಬಸ್ಸುಗಳೆಲ್ಲ ಶಬರಿಮಲೆ, ಓಂಶಕ್ತಿ ಟ್ರಿಪ್‌ಗೆ ಹೋಗಿರುತ್ತವೆ, ದೊಡ್ಡ ಬಸ್ಸು ಶಾಲಾ ಪ್ರವಾಸಕ್ಕೆ. ನಿಮ್ಮ ತಾರೀಕು ಆ ಕಡೆ ಬಿದ್ದರೆ ಇವತ್ತೇ ಬುಕ್ ಮಾಡಿ.

ಛತ್ರದ ಬಾಗಿಲು (ಉತ್ತರ)

ದುಡ್ಡಿನ ಮಾತು ಆಯ್ತು, ಆ ದಿನ ಎಡವೋ ಜಾಗಗಳನ್ನ ಹೇಳ್ತೀನಿ.

49 ಸೀಟಿನ ಬಸ್ಸು ಬಡಾವಣೆಯ ಅಡ್ಡರಸ್ತೆಗೆ ನುಗ್ಗಲ್ಲ. ನುಗ್ಗಿದರೂ ಕೇಬಲ್ ತಂತಿ ತಲೆಗೆ ಸಿಗುತ್ತೆ, ತಿರುಗಿಸೋಕೆ ಜಾಗ ಇರಲ್ಲ. ಜನರನ್ನೇ ಮೇನ್ ರೋಡಿಗೆ ಬರಹೇಳಿ, ಮೂರಕ್ಕಿಂತ ಹೆಚ್ಚು ಕಡೆ ನಿಲ್ಲಿಸಬೇಡಿ. ಒಂದೊಂದು ಸ್ಟಾಪಿಗೆ 15 ನಿಮಿಷ ಹೋಗೇ ಹೋಗುತ್ತೆ. ಬಸ್ಸಿಗೊಬ್ಬ ಹುಡುಗ, ಕೈಯಲ್ಲಿ ಹೆಸರಿನ ಪಟ್ಟಿ. ಅವನು ಎಣಿಸಿ ಹೇಳದೆ ಬಸ್ಸು ಕದಲಬಾರದು, ಮುಖ್ಯವಾಗಿ ವಾಪಸ್ ಬರುವಾಗ. ಊಟದ ಮೇಲೆ ಯಾರು ಯಾರ ಕಾರು ಹತ್ತಿದರು ಅನ್ನೋದು ಯಾರಿಗೂ ಗೊತ್ತಿರಲ್ಲ.

12 ಸೀಟಿನ ಟಿಟಿಗೆ 12 ಜನರನ್ನೇ ಲೆಕ್ಕ ಹಾಕಿದ್ದೀರಿ. ಸೂಟ್‌ಕೇಸು, ವರಪೂಜೆ ಸಾಮಾನು, ತಟ್ಟೆ, ಹಾರದ ಬುಟ್ಟಿ ಎಲ್ಲಿಡ್ತೀರಾ? ಮೇಲೆ ಕ್ಯಾರಿಯರ್ ಇದೆಯಾ ಕೇಳಿ. ಇಲ್ಲ ಅಂದರೆ 10 ಜನಕ್ಕೆ ನಿಲ್ಲಿಸಿ, ಇಬ್ಬರನ್ನು ಭಾನುವಾರದ ಬಸ್ಸಿಗೆ ಹಾಕಿ, ಅಲ್ಲಿ 7 ಸೀಟು ಖಾಲಿ ಇದೆ. ತಾಳಿ, ಒಡವೆ, ಧಾರೆ ಸೀರೆ ಮಾತ್ರ ಕಾರಲ್ಲಿ, ಮನೆಯವರ ಕೈಯಲ್ಲೇ ಇರಲಿ.

ಕಾರಿನ ಹೂವಿನ ಅಲಂಕಾರಕ್ಕೆ 2,000ದಿಂದ 5,000 ಇಟ್ಟುಕೊಳ್ಳಿ, ಹಾಸನದಲ್ಲೇ ಮಾಡಿಸಿ. ಬೆಂಗಳೂರಲ್ಲಿ ಹಾಕಿಸಿದ ಹೂವು ಹೆದ್ದಾರಿ ಗಾಳಿಗೆ ಕುಣಿಗಲ್ ದಾಟೋದರೊಳಗೆ ಅರ್ಧ ಉದುರಿರುತ್ತೆ. ಬಿಸಿ ಬಾನೆಟ್ಟಿನ ಮೇಲೆ ಅಂಟಿಸಿದ ಸೆಲೋಟೇಪ್ ಗುರುತು ಬಿಡುತ್ತೆ. ಬಾಡಿಗೆ ಕಾರಾದರೆ ಪಾಲಿಶ್ ಖರ್ಚು ನಿಮ್ಮ ತಲೆಗೆ. ಟೇಪ್ ಬದಲು ರಬ್ಬರ್ ಸಕ್ಷನ್ ಕಪ್ ಹಾಕಿ ಕಟ್ಟೋರನ್ನ ಹಿಡೀರಿ. ನಂಬರ್ ಪ್ಲೇಟು, ಡ್ರೈವರ್ ಎದುರಿನ ಗಾಜು ಮುಚ್ಚಬಾರದು. ಆಡಿ, ಬೆಂಜ್ ಆಸೆ ಇದ್ದರೆ ಬೆಂಗಳೂರಲ್ಲಿ 8 ಗಂಟೆ, 80 ಕಿ.ಮೀ.ಗೆ 10,000 ದಾಟುತ್ತೆ. ಹಾಸನಕ್ಕೆ ಒಯ್ದರೆ ಮಿಕ್ಕ ಕಿ.ಮೀ. ಎಲ್ಲ ಎಕ್ಸ್‌ಟ್ರಾ. ಛತ್ರದ ಮುಂದೆ ಫೋಟೋಗೆ ಅಷ್ಟು ಬೇಕಾ, ನೀವೇ ನೋಡಿ.

ಡ್ರೈವರ್‌ಗಳನ್ನ ಮೊದಲ ಪಂಕ್ತಿಗೇ ಕೂರಿಸಿ, ಊಟ ಆದಮೇಲೆ ಎರಡು ಮೂರು ಗಂಟೆ ಮಲಗೋಕೆ ಜಾಗ ಕೊಡಿ. ಶನಿವಾರ ರಾತ್ರಿ ಟಿಟಿ, ಇನ್ನೋವಾ ಡ್ರೈವರ್ ಇಬ್ಬರಿಗೆ ಒಂದು ರೂಮು ಬೇಕೇ ಬೇಕು.

ಮಿಕ್ಕಿರೋ 160 ಕಿ.ಮೀ. ಹಾಳಾಗೋದು ಬೇಡ. ಶನಿವಾರದ ಟಿಟಿ ಭಾನುವಾರ ಊಟ ಆದಮೇಲೆ ಬೇಲೂರು, ಹಳೇಬೀಡು ಸುತ್ತಿಬರಬಹುದು, 90 ಕಿ.ಮೀ. ಸುಮಾರು. ಅದೇ ಬಾಡಿಗೆ. ರಾತ್ರಿ 12ರೊಳಗೆ ಶೆಡ್ ಸೇರಬೇಕು, ಅದಕ್ಕೆ 2ರೊಳಗೆ ಹಾಸನ ಬಿಡಿ.