ಬಿಸಿಯಲ್ಲಿ ಸೋರುವ, ತಣಿದಾಗ ಸೀಳುವ ವಿಂಡೋ

ಪ್ರಶ್ನೆ: 316 ಸ್ಟೀಲ್‌ನ ಐಆರ್ ಸೆಲ್, ಅಂದರೆ ಒಳಗಿನ ವಸ್ತುವಿನ ಮೂಲಕ ಇನ್‌ಫ್ರಾರೆಡ್ ಬೆಳಕು ಹಾಯಿಸಿ ನೋಡುವ ಕೋಶ. ಒಳಗೆ ಕಾರ್ಬನ್ ಡೈಆಕ್ಸೈಡ್, 200 ಬಾರ್, 250 ಡಿಗ್ರಿ. ಬೆಳಕು ಹಾಯುವ ತೂತು 12 ಮಿ.ಮೀ., ಜಿಂಕ್ ಸೆಲೆನೈಡ್ ವಿಂಡೋ 6 ಮಿ.ಮೀ. ದಪ್ಪ. ಕಾದ ಮೇಲೆ ಸೋರಿತು. ಬೋಲ್ಟ್ ಕಾಲು ಸುತ್ತು ಬಿಗಿ ಮಾಡಿದ ಮೇಲೆ ನಿಂತಿತು. ಬೆಳಿಗ್ಗೆ ನೋಡಿದರೆ ವಿಂಡೋ ಅಂಚಿನಿಂದ ಸೀಳಿದೆ. ದಪ್ಪ ಸಾಲದೇ? ಸಫೈರ್ (ಗಟ್ಟಿ ಪಾರದರ್ಶಕ ಹರಳು) ಹಾಕಲೇ? ನಾನು ನೋಡಬೇಕಾದ ಕಾರ್ಬೊನಿಲ್ (ಇಂಗಾಲ-ಆಮ್ಲಜನಕ ಜೋಡಿ) ಪಟ್ಟಿಗಳು, ಅಂದರೆ ಅದು ಬೆಳಕು ಹೀರುವ ಜಾಗಗಳು, ಇನ್‌ಫ್ರಾರೆಡ್ ಅಳತೆಯಲ್ಲಿ 2,000–2,100 ಸೆಂ.ಮೀ.⁻¹ನಲ್ಲಿವೆ.

ಉತ್ತರ: ದಪ್ಪ ಸಾಲದು ನಿಜ, ಆದರೆ ಸೀಳಿದ್ದು ಅದರಿಂದಲ್ಲ. ಒತ್ತಡಕ್ಕೆ ಸೋತ ವಿಂಡೋ ಸಾಮಾನ್ಯವಾಗಿ ಹೊರಮೈಯ ನಡುವಿನಿಂದ ಬಿರಿಯುತ್ತದೆ. ಅಂಚಿನ ಸೀಳು ಬೋಲ್ಟಿನ ಕೆಲಸ. ಸ್ಟೀಲ್ ಜಿಂಕ್ ಸೆಲೆನೈಡ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, 6 ಮಿ.ಮೀ. ದಪ್ಪಕ್ಕೆ ಸುಮಾರು 13 ಮೈಕ್ರಾನ್ ಸಡಿಲವಾಯಿತು, ಸೋರಿತು. ಆ ಸಡಿಲವನ್ನು ನೀವು ಸ್ಪಾನರ್‌ನಿಂದ ತುಂಬಿದಿರಿ. ತಣಿಯುವಾಗ ಸ್ಟೀಲ್ ಅದನ್ನೆಲ್ಲ ವಿಂಡೋದಿಂದ ವಸೂಲು ಮಾಡಿತು. (ಒತ್ತಡವಿರುವಾಗ ಬೋಲ್ಟ್ ಮುಟ್ಟಲೇಬೇಡಿ.) ಬೋಲ್ಟ್ ತಲೆಯಡಿ ಇಂಕೊನೆಲ್ (ಬಿಸಿ ತಾಳುವ ನಿಕಲ್ ಮಿಶ್ರಲೋಹ) ಡಿಸ್ಕ್ ಸ್ಪ್ರಿಂಗ್ ಹಾಕಿದರೆ ಈ ಏರಿಳಿತವನ್ನು ಸ್ಪ್ರಿಂಗೇ ನುಂಗಿಕೊಳ್ಳುತ್ತದೆ. ವಿಂಡೋ ಒರಗುವ ಸೀಟನ್ನು ಲ್ಯಾಪ್ ಮಾಡಿಸಿ, ಅಂದರೆ ನುಣ್ಣಗೆ ಸಮತಟ್ಟಾಗಿ ಉಜ್ಜಿಸಿ. ಅಲ್ಲಿ ಒಂದು ಕಬ್ಬಿಣದ ಪುಡಿ ಕಣ ಉಳಿದರೂ ಸೀಳು ಅಲ್ಲಿಂದಲೇ ಶುರು.

ದಪ್ಪದ ಲೆಕ್ಕ: ವಿಂಡೋ ನಡುವಿನ ಎಳೆತ = 0.307 × ಒತ್ತಡ × (ತೂತಿನ ವ್ಯಾಸ ÷ ದಪ್ಪ)². 200 ಬಾರ್ ಅಂದರೆ 20 ಮೆಗಾಪ್ಯಾಸ್ಕಲ್; ನಿಮ್ಮ ವಿಂಡೋದಲ್ಲಿ ಎಳೆತ 24.6 ಮೆಗಾಪ್ಯಾಸ್ಕಲ್. ಜಿಂಕ್ ಸೆಲೆನೈಡ್ ಸುಮಾರು 55ಕ್ಕೆ ಮುರಿಯುತ್ತದೆ. ಅಂದರೆ ಸುರಕ್ಷತೆ 2.2 ಪಟ್ಟು ಮಾತ್ರ, ಬೇಕಿರುವುದು ಕನಿಷ್ಠ 4. 9 ಮಿ.ಮೀ. ಹಾಕಿದರೆ 5 ಸಿಗುತ್ತದೆ. ಸಫೈರ್ ಮುರಿಯುವ ಎಳೆತ 276 ಎಂದು ಹಿಡಿದರೆ 4 ಮಿ.ಮೀ.ಗೇ 5.

ಸಫೈರ್‌ನ ತೊಡಕು ಬೇರೆ. 2,000 ಸೆಂ.ಮೀ.⁻¹ ಹತ್ತಿರ ಅದು ತಾನೇ ಬೆಳಕು ಹೀರತೊಡಗುತ್ತದೆ, ಕಾದರೆ ಇನ್ನಷ್ಟು. ಪಟ್ಟಿಗಳು 2,050ರ ಮೇಲಿದ್ದರೆ ನನ್ನ ಮತ 4 ಮಿ.ಮೀ. ಸಫೈರ್‌ಗೆ; ದಪ್ಪ ಹೆಚ್ಚಿಸಿದರೆ ಸಿಗ್ನಲ್ ಹೋಗುತ್ತದೆ. ಬ್ಯಾಕ್‌ಗ್ರೌಂಡನ್ನು (ಹೋಲಿಕೆಗೆ ತೆಗೆಯುವ ಖಾಲಿ ಅಳತೆಯನ್ನು) 250 ಡಿಗ್ರಿಯಲ್ಲೇ ತೆಗೆಯಿರಿ. 2,050ಕ್ಕಿಂತ ಕೆಳಗಿನ ಪಟ್ಟಿಗಳೂ ಬೇಕೆಂದರೆ 9 ಮಿ.ಮೀ. ಜಿಂಕ್ ಸೆಲೆನೈಡೇ ಗತಿ. ಎರಡು ವಿಂಡೋ ಸೇರಿ ಅರ್ಧ ಬೆಳಕು ಪ್ರತಿಫಲನದಲ್ಲೇ ಹೋಗುತ್ತದೆ. ಆಮ್ಲ ಮಾತ್ರ ತಗಲಬಾರದು, ವಿಷಾನಿಲ ಹೊರಡುತ್ತದೆ.

ಮರುಪ್ರಶ್ನೆ: ಸೋರದಂತೆ ಈಗ ವೈಟಾನ್ ರಬ್ಬರಿನ ಓ-ರಿಂಗ್ ಇದೆ. ನಡೆಯುತ್ತದೆಯೇ?

ಉತ್ತರ: ಇಲ್ಲ, ಅದರ ಮಿತಿ ಸುಮಾರು 200 ಡಿಗ್ರಿ. ಜೊತೆಗೆ ಕಾರ್ಬನ್ ಡೈಆಕ್ಸೈಡ್ ರಬ್ಬರಿನೊಳಗೆ ಇಳಿದು ಕೂರುತ್ತದೆ, ಒತ್ತಡ ಥಟ್ಟನೆ ಬಿಟ್ಟರೆ ರಿಂಗ್ ಗುಳ್ಳೆಯೆದ್ದು ಬಿರಿಯುತ್ತದೆ. ಒತ್ತಡದ ಬದಿಗೆ ಗ್ರಾಫೈಟ್ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ತಣ್ಣಗಿದ್ದಾಗಲೇ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಮೊದಲ ಪರೀಕ್ಷೆ ನೀರು ತುಂಬಿ 300 ಬಾರ್‌ಗೆ, ಪಾಲಿಕಾರ್ಬೊನೇಟ್ ಅಡ್ಡಹಲಗೆ ಇಟ್ಟು, ಅನಿಲದಿಂದ ಬೇಡ. ಆಮೇಲೆ ನಿಮಿಷಕ್ಕೆ 2 ಡಿಗ್ರಿಗಿಂತ ವೇಗವಾಗಿ ಕಾಯಿಸಬೇಡಿ, ತಣಿಸುವಾಗಲೂ ಅಷ್ಟೇ.