ಸ್ಕಿಮ್ಮರ್‌ಗೆ ಆಟೋ ಕ್ಲೀನರ್ ಹಾಕಿದೆ, ಈಗ ನೊರೆಯೇ ಏರುತ್ತಿಲ್ಲ!

ಹವಳಹುಚ್ಚ: ತಲೆ ಕೆಟ್ಟುಹೋಗಿದೆ. ನನ್ನದು ಉಪ್ಪುನೀರಿನ ಹವಳದ ಟ್ಯಾಂಕ್. ಸ್ಕಿಮ್ಮರ್ ಗಾಳಿಗುಳ್ಳೆಯ ನೊರೆಯಲ್ಲಿ ನೀರಿನ ಕೊಳೆ ಹಿಡಿದು, ಕುತ್ತಿಗೆಯ ಮೂಲಕ ಮೇಲಿನ ಕಪ್‌ಗೆ ತಳ್ಳಬೇಕು. ಎರಡು ದಿನಕ್ಕೊಮ್ಮೆ ಕಪ್ ಬಿಚ್ಚಿ, ಕುತ್ತಿಗೆಯೊಳಗಿನ ಕಂದು ಲೋಳೆ ಉಜ್ಜಿ ಉಜ್ಜಿ ಸಾಕಾಗಿತ್ತು. ಅದಕ್ಕೇ ಕ್ಲೀನರ್ ಹಾಕಿದೆ. ಮುಚ್ಚಳದ ಮೇಲೆ ಮೋಟಾರ್, ಒಳಗೆ ಎರಡು ಸಿಲಿಕೋನ್ ವೈಪರ್. ಒಂದು ವಾರ ಚೆನ್ನಾಗಿತ್ತು. ಈಗ ಮೂರು ದಿನದಿಂದ ಕುತ್ತಿಗೆ ಕನ್ನಡಿ ಥರ ಹೊಳೆಯುತ್ತಿದೆ, ಕಪ್ ಮಾತ್ರ ಒಣಒಣ. ನೊರೆ ಕುತ್ತಿಗೆಯ ಬುಡದ ತನಕ ಬಂದು ಪುಸ್ ಅಂತ ಒಡೆಯುತ್ತದೆ. ನಾನು ಬೇರೆ ಏನೂ ಮಾಡಿಲ್ಲ.

ಸಂಪ್‌ರಾಯ: ನೀರಿನ ಮಟ್ಟ. ನೂರಕ್ಕೆ ನೂರು. ಸಂಪ್‌ನಲ್ಲಿ, ಅಂದರೆ ಸ್ಕಿಮ್ಮರ್ ನಿಲ್ಲಿಸಿರುವ ತೊಟ್ಟಿಯಲ್ಲಿ, ಎಷ್ಟು ಇಂಚು ಇದೆ?

ಹವಳಹುಚ್ಚ: 8 ಇಂಚು. ಆವಿಯಾದಷ್ಟು ನೀರು ತಾನೇ ತುಂಬುವ ಆಟೋ ಟಾಪ್ ಆಫ್ ಇದೆ, ಬದಲಾಗಲ್ಲ.

ಸಂಪ್‌ರಾಯ: ಟಾಪ್ ಆಫ್ ಸೆನ್ಸರ್‌ಗೆ ಪಾಚಿ ಹಿಡಿದಿರುತ್ತದೆ. ಅಳೆದು ನೋಡಿ. ಇಲ್ಲಾಂದ್ರೆ ಸ್ಕಿಮ್ಮರ್‌ನ ಔಟ್‌ಲೆಟ್ ವಾಲ್ವ್ ಸ್ವಲ್ಪ ಮುಚ್ಚಿ, ಒಳಗಿನ ನೀರು ಮೇಲೇರುತ್ತದೆ.

ಹವಳಹುಚ್ಚ: ಸ್ಕೇಲ್ ಇಟ್ಟು ಅಳೆದೆ ಸಾರ್, 8 ಇಂಚೇ. ವಾಲ್ವ್ ಮುಚ್ಚಿದೆ. ಕಪ್ ತುಂಬಾ ಬರೀ ಉಪ್ಪುನೀರು ಬಂತು.

ಸಂಪ್‌ರಾಯ: ಹಾಗಾದರೆ ಜಾಸ್ತಿ ಮುಚ್ಚಿದ್ದೀರಿ.

ಗುಳ್ಳೆಗಣಿ: ವೈಪರ್ ದಿನಕ್ಕೆ ಎಷ್ಟು ಸಲ ತಿರುಗುತ್ತದೆ? ತಿರುಗಿದಾಗಲೆಲ್ಲ ಮೇಲಿನ ನೊರೆ ಒಡೆಯುತ್ತದೆ, ಮತ್ತೆ ಕಟ್ಟೋಕೆ ಹೊತ್ತು ಬೇಕು. ಗಾಳಿ ಒಳಹೋಗುವ ಪೈಪಿನ ತುದಿಯಲ್ಲಿ ಉಪ್ಪು ಕಟ್ಟಿದೆಯಾ ಅಂತಲೂ ನೋಡಿ.

ಹಳೇಕೈ: ಸುಮ್ನೆ ಮೋಟಾರ್ ಎಲ್ಲಾ ಯಾಕೆ? ಬ್ರಷ್ ಹಾಕಿ ಎರಡು ನಿಮಿಷ ಉಜ್ಜಿದರೆ ಮುಗೀತು. ನಾನು ಹನ್ನೆರಡು ವರ್ಷದಿಂದ ಹಾಗೇ ಮಾಡ್ತಿದ್ದೇನೆ.

ರೀಫ್‌ರಾಣಿ: ಹನ್ನೆರಡು ವರ್ಷ ಊರಿಗೇ ಹೋಗಿಲ್ವಾ ಸಾರ್? ನನ್ನ ಕ್ಲೀನರ್ ಸ್ಮಾರ್ಟ್ ಪ್ಲಗ್‌ನಲ್ಲಿದೆ. ಬೆಳಿಗ್ಗೆ ಒಂದು ನಿಮಿಷ, ರಾತ್ರಿ ಒಂದು ನಿಮಿಷ. ಕಪ್‌ನಿಂದ ಪೈಪ್ ಎಳೆದು ಕ್ಯಾನ್‌ಗೆ ಬಿಟ್ಟಿದ್ದೇನೆ. ಕ್ಯಾನ್ ತುಂಬಿದರೆ ಫ್ಲೋಟ್ ಸ್ವಿಚ್ ಸ್ಕಿಮ್ಮರನ್ನೇ ಆಫ್ ಮಾಡುತ್ತದೆ. ಬೇಕಾದರೆ ಫೋಟೋ ಹಾಕ್ತೀನಿ.

ಹವಳಹುಚ್ಚ: ದಿನಕ್ಕೆ ಎರಡೇ ಸಲ. ಗಾಳಿ ಪೈಪ್ ಕ್ಲೀನಾಗಿದೆ. ವೈಪರ್ ಕೂಡ ಈಗ ಸದ್ದಿಲ್ಲದೆ ತಿರುಗುತ್ತಿದೆ.

ಗುಳ್ಳೆಗಣಿ: "ಈಗ" ಅಂದರೆ? ಮೊದಲು ಸದ್ದು ಮಾಡ್ತಿತ್ತಾ?

ಹವಳಹುಚ್ಚ: ಹೌದು, ಮುಚ್ಚಳದ ತೂತಿನ ಹತ್ತಿರ ಕಿರ್ ಅಂತಿತ್ತು. ಒಂದೇ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟೆ. ಅದು ಲೆಕ್ಕಕ್ಕಿಲ್ಲ ಅಲ್ವಾ?

ಗುಳ್ಳೆಗಣಿ: ಅಯ್ಯೋ ಮಾರಾಯ್ರೇ! ಅದೇ ಲೆಕ್ಕ. ಎಣ್ಣೆ ತಗುಲಿದರೆ ನೊರೆಯ ಗುಳ್ಳೆ ನಿಲ್ಲುವುದಿಲ್ಲ. ಮೋಟಾರ್‌ನ ರಾಡ್‌ನಿಂದ ಇಳಿದ ಹನಿಯನ್ನು ವೈಪರ್ ಇಡೀ ಕುತ್ತಿಗೆಗೆ ಬಳಿದಿದೆ. ಕನ್ನಡಿ ಥರ ಹೊಳೀತಿದೆ ಅಂದಿರಲ್ಲ, ಅದು ಎಣ್ಣೆ. ಕಿರ್ ಅಂದಿದ್ದು ಒಣಗಿದ ಉಪ್ಪು. ಬೆಚ್ಚಗಿನ ನೀರಲ್ಲಿ ನೆನೆಸಿದ್ದರೆ ಸಾಕಿತ್ತು.

ಹಳೇಕೈ: ಎಲ್ಲಾ ವಿನೆಗರ್‌ನಲ್ಲಿ ಅದ್ದಿಡಿ.

ಗುಳ್ಳೆಗಣಿ: ವಿನೆಗರ್ ಸುಣ್ಣದ ಕಲೆಗೆ, ಎಣ್ಣೆಗಲ್ಲ. ಕಪ್, ಮುಚ್ಚಳ, ವೈಪರ್ ಮೂರಕ್ಕೂ ಒಂದು ತೊಟ್ಟು ಪಾತ್ರೆ ಸೋಪು.

ಹಳೇಕೈ: ಸೋಪಾ? ಟ್ಯಾಂಕ್ ಪಕ್ಕ ಸೋಪಾ??

ಗುಳ್ಳೆಗಣಿ: ಬಿಚ್ಚಿ, ಸಿಂಕ್‌ನಲ್ಲಿ ಸಾರ್. ಬೆರಳು ಕಿರ್‌ಕಿರ್ ಅನ್ನುವ ತನಕ ತೊಳೆಯಬೇಕು. ಸೋಪು ಉಳಿದರೆ ನೊರೆ ಉಕ್ಕಿ ಕಪ್ ತುಂಬಿ ಹರಿಯುತ್ತದೆ. ಬಿಸಿನೀರು ಬೇಡ, ಅಕ್ರಿಲಿಕ್ ಸೊಟ್ಟಗಾಗಬಹುದು.

ಹವಳಹುಚ್ಚ: ನಿನ್ನೆ ಸಂಜೆ ತೊಳೆದೆ. ರಾತ್ರಿಯೆಲ್ಲ ಏನೂ ಇಲ್ಲ. ಬೆಳಿಗ್ಗೆ ನೋಡಿದರೆ ಕಪ್‌ನ ತಳದಲ್ಲಿ ಬೆರಳಗಲ ಕಂದು ನೀರು, ಅದೇ ಕೆಟ್ಟ ವಾಸನೆ. ಆ ವಾಸನೆಗೆ ಇಷ್ಟು ಖುಷಿಪಟ್ಟಿದ್ದು ಇದೇ ಮೊದಲು.

ಸಂಪ್‌ರಾಯ: ವಾಲ್ವ್ ಮೊದಲಿನ ಜಾಗಕ್ಕೆ ತಿರುಗಿಸಿದ್ರಾ?

ರೀಫ್‌ರಾಣಿ: ಕ್ಯಾನ್ ಫೋಟೋ ಹಾಕಿದ್ದೇನೆ, ಎರಡನೆಯದು ನೋಡಿ.