ಘಾಟಿ ಹತ್ತಿ ಗಿರಿಧಾಮ ನೋಡಿ ಒಂದೇ ದಿನದಲ್ಲಿ ವಾಪಸ್: ಆಗುತ್ತಾ?

ನಮ್ಮ ಬಯಲಿಗಿಂತ ಸುಮಾರು 1,500 ಮೀಟರ್ ಎತ್ತರದ ಗಿರಿಧಾಮಕ್ಕೆ ಬೆಳಿಗ್ಗೆ ಕಾರಲ್ಲಿ ಹೋಗಿ ರಾತ್ರಿಯೊಳಗೆ ಮನೆ ಸೇರಬೇಕು ಅಂತಿದ್ದೇವೆ. ಹೋಗೋ ದಾರಿ 120 ಕಿ.ಮೀ., ಕೊನೆಯ 35 ಪೂರ್ತಿ ಘಾಟಿ. ನಾನು ಘಾಟಿಯಲ್ಲಿ ಓಡಿಸಿದವನಲ್ಲ. ಜೊತೆಗೆ ಅಮ್ಮ, ಹೆಂಡತಿ, ಆರು ವರ್ಷದ ಮಗಳು. ತಿರುವು ಶುರುವಾದ್ರೆ ಮಗಳಿಗೆ ವಾಂತಿ. ಹೋಗಿ ಬಂದವರು ದಯವಿಟ್ಟು ಹೇಳಿ.

*

ಆಗುತ್ತೆ. ಆದರೆ ಮನೆ ಬಿಡೋ ಹೊತ್ತಿಗಿಂತ ಮೊದಲು, ಮೇಲಿಂದ ಇಳಿಯೋ ಹೊತ್ತನ್ನ ಗಟ್ಟಿ ಮಾಡ್ಕೊಳ್ಳಿ. ನಾವು ಮೊದಲ ಸಲ ಹೋದಾಗ ‘ಇದೊಂದು ಜಾಗ ನೋಡೇ ಬಿಡೋಣ’ ಅಂತ ಐದೂವರೆವರೆಗೆ ಅಲ್ಲೇ ಸುತ್ತಿದ್ವಿ. ಸೂರ್ಯ ಬೆಟ್ಟದ ಹಿಂದೆ ಸರಿದ್ರೆ ಸಾಕು, ಆಕಾಶದಲ್ಲಿ ಬೆಳಕಿದ್ರೂ ರಸ್ತೆಗೆ ಕತ್ತಲು. ಅದರ ಮೇಲೆ ಮಂಜು. ಹೈಬೀಮ್ ಹಾಕಿದ್ರೆ ಎದುರಿಗೆ ಬಿಳಿ ಗೋಡೆ ಎದ್ದ ಹಾಗೆ. ಲೋಬೀಮಲ್ಲಿ ರಸ್ತೆಯಂಚಿನ ಗೆರೆ ನೋಡ್ಕೊಂಡೇ ಇಳಿದ್ವಿ.

ಅರ್ಧ ದಾರಿಗೆ ಏನೋ ಸುಟ್ಟ ವಾಸನೆ. ಮುಂದಿನ ಲಾರಿಯದ್ದು ಅಂದ್ಕೊಂಡೆ. ನಮ್ಮದೇ ಬ್ರೇಕು! ಅಷ್ಟು ದೂರ ಪೆಡಲ್ ಮೇಲಿಂದ ಕಾಲೇ ತೆಗೆದಿರಲಿಲ್ಲ ನಾನು. ಒತ್ತಿದ್ರೆ ದಿಂಬು ಒತ್ತಿದ ಹಾಗಿತ್ತು. ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರೋಕೆ ಬಿಟ್ಟೆ. ಕಾದ ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಅಲ್ಲೇ ನಿಂತಿದ್ದ ಲಾರಿ ಡ್ರೈವರ್ ನಮ್ಮ ಕಾರು ಮೂಸಿ, “ಹತ್ತಿದ ಗೇರಲ್ಲೇ ಇಳೀಬೇಕು ಸಾರ್” ಅಂದ. ಎರಡನೇ ಗೇರಲ್ಲಿ ಹತ್ತಿದ ಏರನ್ನ ಎರಡರಲ್ಲೇ ಇಳಿಸಿ, ಎಂಜಿನ್ನೇ ಗಾಡಿ ಹಿಡಿಯುತ್ತೆ. ಬ್ರೇಕು ಬೇಕಾದಾಗ ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಪೆಟ್ರೋಲ್ ಉಳಿಸೋಕೆ ನ್ಯೂಟ್ರಲ್ಲಿಗೆ ಹಾಕೋ ಜಾಣರ ಮಾತು ಕೇಳಲೇಬೇಡಿ.

ಕಿರಿದಾದ ಕಡೆ ಹತ್ತಿ ಬರೋ ಗಾಡಿಗೆ ದಾರಿ ಬಿಡಿ. ಏರಲ್ಲಿ ನಿಂತ ಗಾಡಿಯನ್ನ ಮತ್ತೆ ಎತ್ತೋದು ಎಷ್ಟು ಕಷ್ಟ ಅಂತ ಆ ದಿನವೇ ಗೊತ್ತಾಗುತ್ತೆ ನಿಮಗೆ.

*

ಮಗಳ ವಿಷಯಕ್ಕೆ ಬರ್ತೀನಿ, ನನ್ನ ಮಗನೂ ಹಾಗೇ. ಫೋನು, ಬಣ್ಣದ ಪುಸ್ತಕ ಎರಡೂ ಘಾಟಿ ಮುಗಿಯೋವರೆಗೆ ಬ್ಯಾಗಲ್ಲಿರಲಿ. ಕಣ್ಣು ‘ನಿಂತಿದ್ದೀನಿ’ ಅನ್ನುತ್ತೆ, ಒಳಕಿವಿ ‘ಓಲಾಡ್ತಿದ್ದೀನಿ’ ಅನ್ನುತ್ತೆ, ಆ ಜಗಳವೇ ವಾಂತಿ. ಹಿಂದಿನ ಸೀಟಿನ ನಡುವೆ ಸರಿಯಾದ ಬೆಲ್ಟ್ ಇದ್ರೆ ಅಲ್ಲಿ ಕೂರಿಸಿ, ಮುಂದಿನ ಗಾಜಲ್ಲಿ ದೂರದ ರಸ್ತೆ ಕಾಣುತ್ತೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಮಾತ್ರೆ ಕೊಡೋದಾದ್ರೆ ಡಾಕ್ಟರನ್ನ ಕೇಳಿ ಹೊರಡೋ ಮೊದಲೇ ಕೊಡಿ, ವಾಕರಿಕೆ ಶುರುವಾದ ಮೇಲೆ ಕೊಟ್ಟು ಉಪಯೋಗವಿಲ್ಲ. ಅವಳ ಕೈಗೆ ಒಡೆಯದ ಚಿಪ್ಸ್ ಪೊಟ್ಟಣ ಕೊಟ್ಟು ನೋಡಿ. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಇಳಿದು ಪೊಟ್ಟಣ ಬಲೂನಾಗುತ್ತೆ. ನಮ್ಮವನು ಅದನ್ನೇ ನೋಡ್ತಾ ವಾಂತಿ ಮರೆತ. (ಮುಂದಿನ ಸಲ ಮರೀಲಿಲ್ಲ.)

ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಚಳಿ ಏರುತ್ತೆ. ಅಮ್ಮನ ಸ್ವೆಟರ್ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗೋ ಹಾಗಿರಲಿ.

*

ನನ್ನದು ಉಲ್ಟಾ ಸಲಹೆ: ಊರಿನ ಆಸೆ ಬಿಡಿ. ರಜೆ ದಿನ ಕೊನೆಯ ನಾಲ್ಕು ಕಿಲೋಮೀಟರಿಗೆ ನಮಗೆ ಒಂದೂವರೆ ಗಂಟೆ ಹಿಡೀತು, ಆಮೇಲೆ ಪಾರ್ಕಿಂಗ್ ಹುಡುಕಾಟ. ಈಗ ಊರಿಗಿಂತ ಕೆಳಗೇ, ಕಣಿವೆ ತೆರೆದುಕೊಳ್ಳೋ ತಿರುವಲ್ಲಿ ನಿಲ್ಲಿಸಿ ಬುತ್ತಿ ಬಿಚ್ತೀವಿ. ಬಿಸಿಲು ಕಾದಂತೆ ಕಣಿವೆಯ ಗಾಳಿ ಮೇಲೆದ್ದು ಮಧ್ಯಾಹ್ನಕ್ಕೆ ಮೋಡ ಕವಿಯುತ್ತೆ, ಅದಕ್ಕೇ ನೋಟ ಬೇಕಾದ್ರೆ ಹನ್ನೊಂದರೊಳಗೆ ಅಲ್ಲಿರಿ. ಓಡಿಸೋರಿಗೆ ನಿಂತಾಗ ಮಾತ್ರ ಬೆಟ್ಟ ಕಾಣೋದು, ಹಾಗಾಗಿ ನಾಲ್ಕು ಕಡೆ ನಿಲ್ಲಿಸಿ.

*

ಕೇಳಿದವನು ನಾನೇ. ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ ಐದಕ್ಕೆ ಹೊರಟು ಮೂರಕ್ಕೆ ಇಳಿಯೋದು ಅಂತಾಯ್ತು. ಒಂದು ಹೇಳೋದು ಮರೆತೆ, ಕಾರು ಎಲೆಕ್ಟ್ರಿಕ್.

*

ಅಯ್ಯೋ, ಗೇರಿನ ಪುರಾಣ ಅಷ್ಟುದ್ದ ಹೇಳಿದ್ನಲ್ಲಾ ಸಾರ್! ಜನ ಸೇರಿ 1,800 ಕೆ.ಜಿ. ಅಂದ್ಕೊಂಡ್ರೆ ಬರೀ ಎತ್ತರ ಏರೋಕೇ ಏಳು ಯೂನಿಟ್ ಮೇಲೆ ಬೇಕು, ರಸ್ತೆಯ ಖರ್ಚು ಬೇರೆ. ಇಳಿಯುವಾಗ ಅದರಲ್ಲಿ ಒಂದಷ್ಟು ಬ್ಯಾಟರಿಗೆ ವಾಪಸ್ ಬರುತ್ತೆ, ರೀಜೆನ್ (ಇಳಿಯುವಾಗ ಮೋಟಾರೇ ಗಾಡಿ ಹಿಡಿದು ಬ್ಯಾಟರಿಗೆ ಕರೆಂಟ್ ಕೊಡೋದು) ಜಾಸ್ತಿಗೆ ಇಟ್ಕೊಳ್ಳಿ. ಆದರೆ ಮೇಲೆ ನೂರಕ್ಕೆ ನೂರು ಚಾರ್ಜ್ ಮಾಡಬೇಡಿ. ತುಂಬಿದ ಬ್ಯಾಟರಿ ಏನನ್ನೂ ತಗೊಳ್ಳಲ್ಲ, ರೀಜೆನ್ ಹಿಡಿಯಲ್ಲ, ಭಾರವೆಲ್ಲ ಮತ್ತೆ ಅದೇ ಬ್ರೇಕಿನ ಮೇಲೆ.